ಮರಿ ಎತ್ತಿಕೊಂಡು ಹೋದ ಮುಶ್ಯಾಗೆ ನಾಯಿಯ ಮೇಲೆ ಸೇಡಿತ್ತಾ?

ಪ್ರಶ್ನೆ: ನಾವು ಹಾನಗಲ್ ತಾಲ್ಲೂಕಿನ ಹಳ್ಳಿಯವರು. ಕಳೆದ ತಿಂಗಳು ನಮ್ಮ ನಾಯಿಯ ನಾಲ್ಕು ಮರಿಗಳಲ್ಲಿ ಒಂದನ್ನು ಒಂದು ಮುಶ್ಯಾ (ಕಪ್ಪು ಮೋರೆಯ ಮಂಗ) ಎತ್ತಿಕೊಂಡು ಬೇವಿನ ಮರ ಏರಿತು. ಮರಿಗೆ ಆಗ ಮೂರು ವಾರ. ಎರಡು ದಿನ ಎದೆಗೆ ಅವುಚಿಕೊಂಡೇ ತಿರುಗಿತು, ಮೈ ಕೆದರಿ ಹೇನು ನೋಡಿತು. ಅದು ಅಷ್ಟು ಮುದ್ದು ಮಾಡುವುದನ್ನು ಕಂಡು ನಾವು ಸುಮ್ಮನಿದ್ದೆವು. ಮೂರನೇ ದಿನ ಮರಿ ಮರದ ಕೆಳಗೆ ಸತ್ತು ಬಿದ್ದಿತ್ತು. ಊರವರು ಇದು ನಾಯಿಗಳ ಮೇಲಿನ ಸೇಡು ಅನ್ನುತ್ತಾರೆ. ಇದೇ ಗುಂಪು ನಮ್ಮ ನಾಯಿಯ ಬಾಲ ಎಳೆದು ಕಾಡುತ್ತದೆ. ಹೋದ ವಾರ ಅದರ ತೊಡೆಗೆ ಕಚ್ಚಿಯೂ ಬಿಟ್ಟಿದೆ, ಗಾಯ ಸಣ್ಣದು. ಆದರೆ ಕೆಂಪು ಮಂಗಗಳು ನಮ್ಮ ಎಮ್ಮೆಯ ಬೆನ್ನೇರಿ ಉಣ್ಣಿ ಆರಿಸುತ್ತವೆ! ಮಂಗಗಳಿಗೆ ಬೇರೆ ಪ್ರಾಣಿಗಳ ಮೇಲೆ ಇರುವುದು ಸ್ನೇಹವೋ ದ್ವೇಷವೋ? ನನ್ನ ಮಗಳು ಇನ್ನೂ ಅಳುತ್ತಿದ್ದಾಳೆ.

ಉತ್ತರ: ಮೊದಲು ನಿಮ್ಮ ಮಗಳಿಗೆ ಹೇಳಿ, ಅದು ಸೇಡು ಅಲ್ಲ. ಆ ಮುಶ್ಯಾ ಮರಿಯನ್ನು ಕೊಲ್ಲಬೇಕು ಅಂತ ಒಯ್ಯಲಿಲ್ಲ. ನಾನು ಧಾರವಾಡದ ಸುತ್ತಮುತ್ತ ಬಹಳ ವರ್ಷ ಪಶುವೈದ್ಯನಾಗಿ ಕೆಲಸ ಮಾಡಿದವನು. ಇಂಥ ಮರಿಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಸತ್ತ ಮರಿಗಳ ಮೈಮೇಲೆ ಹಲ್ಲಿನ ಗುರುತು ಸಿಕ್ಕಿದ್ದು ತೀರ ಕಡಿಮೆ. ಹೊಟ್ಟೆ ಬೆನ್ನಿಗೆ ಹತ್ತಿರುತ್ತದೆ, ಬಾಯಿ ಒಣಗಿರುತ್ತದೆ, ಇಲ್ಲವೇ ಬಿದ್ದು ಸೊಂಟವೋ ತಲೆಯೋ ಪೆಟ್ಟಾಗಿರುತ್ತದೆ. ಮುಶ್ಯಾಗಳ ಕೋರೆಹಲ್ಲು ನಾಯಿಯ ಹಲ್ಲಿಗಿಂತ ಹರಿತ. ಕೊಲ್ಲುವ ಮನಸ್ಸಿದ್ದರೆ ಒಂದೇ ಕಡಿತ ಸಾಕಿತ್ತು. ಎರಡು ದಿನ ಎದೆಗೆ ಹಿಡಿದುಕೊಂಡು ತಿರುಗುವ ಕಷ್ಟ ಯಾಕೆ?

ಹಾಗಂತ ಅದು ಆ ಮರಿಗೆ ತಾಯಿಯಾಗಲೂ ಇಲ್ಲ. ನಾವು ಎಡವುವುದು ಇಲ್ಲೇ. ಮುದ್ದು ಮಾಡುತ್ತಿದೆ, ಇರಲಿ ಬಿಡು ಅಂದುಕೊಳ್ಳುತ್ತೇವೆ. ನಿಮ್ಮನ್ನು ತಪ್ಪು ಅನ್ನುತ್ತಿಲ್ಲ, ನೋಡಿದವರಿಗೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಮೂರು ವಾರದ ನಾಯಿಮರಿಗೆ ನಾಲ್ಕೈದು ತಾಸಿಗೊಮ್ಮೆ ಹಾಲು ಬೇಕು, ಒಡಹುಟ್ಟಿದವರ ಮೈಶಾಖ ಬೇಕು, ಕಾಲ ಕೆಳಗೆ ನೆಲ ಬೇಕು. ಮರದ ಮೇಲೆ ಈ ಮೂರೂ ಇಲ್ಲ.

ಯಾಕೆ ಎತ್ತಿಕೊಳ್ಳುತ್ತವೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಎರಡು ಜಾತಿಯ ಮಂಗಗಳಿವೆ. ಒಂದು ಕಪ್ಪು ಮೋರೆಯ, ಬೂದು ಮೈಯ, ಮೈಗಿಂತ ಉದ್ದ ಬಾಲದ ಮುಶ್ಯಾ. ಪುಸ್ತಕದಲ್ಲಿ ಮುಸುವ ಅಂತ ಬರೆಯುತ್ತಾರೆ. ಇನ್ನೊಂದು ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂದಲಿರುವ ಕೆಂಪು ಮಂಗ. ಕೆಂಪು ಮಂಗಕ್ಕೆ ಗಲ್ಲದಲ್ಲಿ ಚೀಲವಿದೆ. ಸಿಕ್ಕಿದ್ದನ್ನು ತುಂಬಿಕೊಂಡು ಓಡಿ ಆಮೇಲೆ ತಿನ್ನುತ್ತದೆ. ಮುಶ್ಯಾಗಳಿಗೆ ಆ ಚೀಲ ಇಲ್ಲ, ಬದಲಿಗೆ ಸೊಪ್ಪು ಕೊಳೆಸಿ ಅರಗಿಸುವ, ದನದ ಹೊಟ್ಟೆಯ ಹಾಗೆ ಭಾಗ ಭಾಗವಾದ ಹೊಟ್ಟೆ ಇದೆ. (ಅದಕ್ಕೇ ಮುಶ್ಯಾಗಳಿಗೆ ಬ್ರೆಡ್ಡು, ಬಿಸ್ಕತ್ತು, ಅನ್ನ ಹಾಕಬೇಡಿ. ಹಿಟ್ಟು ತಿಂದ ಎಮ್ಮೆಗೆ ಹೊಟ್ಟೆ ಹುಳಿಯಾಗಿ ಉಬ್ಬರಿಸುವಂತೆ ಅವಕ್ಕೂ ಆಗುತ್ತದೆ.)

ಮರಿ ಸಾಕುವುದರಲ್ಲೂ ಎರಡಕ್ಕೂ ಬಹಳ ವ್ಯತ್ಯಾಸ. ಕೆಂಪು ಮಂಗದ ತಾಯಿ ತನ್ನ ಎಳೆ ಮರಿಯನ್ನು ಸುಲಭಕ್ಕೆ ಯಾರ ಕೈಗೂ ಕೊಡುವುದಿಲ್ಲ. ಮುಶ್ಯಾಗಳಲ್ಲಿ ಉಲ್ಟಾ. ಹುಟ್ಟಿದ ದಿನವೇ ಮರಿ ಕೈಯಿಂದ ಕೈಗೆ ಹೋಗುತ್ತದೆ. ಚಿಕ್ಕಮ್ಮಂದಿರು, ಇನ್ನೂ ಒಮ್ಮೆಯೂ ಹೆರದ ಎಳೆ ಹೆಣ್ಣುಗಳು, ಎಲ್ಲರಿಗೂ ಮರಿ ಎತ್ತಿಕೊಳ್ಳುವ ಹುಚ್ಚು. ನಮ್ಮ ಬಾಣಂತನದ ಮನೆಗಳಲ್ಲಿ ಕೂಸು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ಹೋಗುತ್ತದಲ್ವಾ, ಹಾಗೆ. ಹುಟ್ಟಿದ ಮುಶ್ಯಾ ಮರಿಯ ಬಣ್ಣ ಕಪ್ಪುಗಂದು, ಮೋರೆ ಮಾತ್ರ ಬೆಳ್ಳಗೆ. ಸಣ್ಣಗೆ ಕುಂಯ್‌ಗುಡುವ, ಮೆತ್ತಗಿನ ಕಪ್ಪು ಉಂಡೆ ಕಂಡರೆ ಎತ್ತಿ ಎದೆಗೆ ಹಿಡಿಯಬೇಕು ಅನ್ನುವುದು ಅವುಗಳ ಹುಟ್ಟುಗುಣ. ಬೀದಿ ನಾಯಿಯ ಮರಿಯೂ ಮೆತ್ತಗಿರುತ್ತದೆ, ಅದೂ ಕುಂಯ್‌ಗುಡುತ್ತದೆ.

ಒಂದು ವ್ಯತ್ಯಾಸ ಮಾತ್ರ ಜೀವಕ್ಕೇ ಕುತ್ತು. ಮಂಗನ ಮರಿ ಹುಟ್ಟಿದ ಗಳಿಗೆಯಿಂದ ಬೆರಳು ಮಡಚಿ ತಾಯಿಯ ಹೊಟ್ಟೆಯ ಕೂದಲನ್ನು ಗಟ್ಟಿಯಾಗಿ ಹಿಡಿಯುತ್ತದೆ. ತಾಯಿ ಎರಡೂ ಕೈ ಬಿಟ್ಟು ಮರದಿಂದ ಮರಕ್ಕೆ ಹಾರಿದರೂ ಅದು ಕಳಚುವುದಿಲ್ಲ. ನಾಯಿಮರಿಗೆ ಹಾಗೆ ಹಿಡಿಯುವ ಬೆರಳಿಲ್ಲ. ಮುಶ್ಯಾಗೆ ಇದು ತಿಳಿಯುವುದಿಲ್ಲ. ಹಾರುವಾಗ ಅಭ್ಯಾಸದಂತೆ ಕೈ ಬಿಡುತ್ತದೆ, ಮರಿ ಬೀಳುತ್ತದೆ.

ಧಾರವಾಡದ ಸಾಧನಕೇರಿಯ ಹತ್ತಿರ ಒಂದು ಓಣಿಯಲ್ಲಿ ಇದನ್ನೇ ಹತ್ತು ಮಾರು ದೂರದಿಂದ ನೋಡಿದ್ದೇನೆ. ಎಳೆ ಹೆಣ್ಣು ಮುಶ್ಯಾ, ಕೈಯಲ್ಲಿ ಕರಿ ನಾಯಿಮರಿ. ಮನೆಯ ತಗಡಿನ ಪತ್ರಾಸ್ ಮೇಲೆ ಕೂತು ಮರಿಯನ್ನು ಹೊಟ್ಟೆಗೆ ಒತ್ತಿಕೊಂಡಿತು. ಕೈ ತೆಗೆಯಿತು. ಮರಿ ಜಾರಿತು. ಮತ್ತೆ ಎತ್ತಿ ಒತ್ತಿಕೊಂಡಿತು, ಕೈ ತೆಗೆಯಿತು, ಮತ್ತೆ ಜಾರಿತು. ಐದಾರು ಸಲ ಹೀಗೇ ಆಯಿತು. ಕೊನೆಗೆ ಮರಿಯನ್ನು ತಿರುಗಿಸಿ ಅದರ ಮುಂಗಾಲು ಹಿಡಿದು, ಪಂಜವನ್ನೇ ಮೂಗಿನ ಹತ್ತಿರ ತಂದು ನೋಡಿತು. ಈ ಕೂಸು ಯಾಕೆ ಹಿಡಿದುಕೊಳ್ಳುವುದಿಲ್ಲ ಅಂತ ಕೇಳುವ ಹಾಗೆ ಕಂಡಿತು ನನಗೆ. ಕೆಳಗೆ ತಾಯಿ ನಾಯಿ ಬೊಗಳಿ ಬೊಗಳಿ ಗಂಟಲು ಕಟ್ಟಿತ್ತು. ಓಣಿಯ ಹುಡುಗರು ಕಲ್ಲು ಹಿಡಿದು ನಿಂತಿದ್ದರು. ಬೊಗಳಾಟ, ಕೂಗಾಟ ಜಾಸ್ತಿಯಾದಷ್ಟೂ ಅದು ಮರಿಯನ್ನು ಬಿಗಿಯಾಗಿ ಹಿಡಿದು ಮೇಲೆ ಮೇಲೆ ಹೋಗುತ್ತಿತ್ತು. ಆ ಮರಿ ಉಳಿಯಿತು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಸೇಡಿನ ಕಥೆ ದೇಶಕ್ಕೆಲ್ಲ ಹರಡಿದ್ದು 2021ರ ಡಿಸೆಂಬರ್‌ನಲ್ಲಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಜಲಗಾಂವ್ ಹತ್ತಿರ ಲವೂಲ್ ಅನ್ನುವ ಹಳ್ಳಿಯಲ್ಲಿ ಮಂಗಗಳು ನಾಯಿಮರಿಗಳನ್ನು ಮರಕ್ಕೆ, ಮಾಳಿಗೆಗೆ ಒಯ್ಯುತ್ತಿದ್ದವು. ನಾಯಿಗಳು ಒಂದು ಮಂಗನ ಮರಿಯನ್ನು ಕೊಂದಿದ್ದವು, ಅದಕ್ಕೆ ಮಂಗಗಳು 250 ನಾಯಿಮರಿಗಳನ್ನು ಕೊಂದವು ಅಂತ ಸುದ್ದಿಯಾಯಿತು. ಅರಣ್ಯ ಇಲಾಖೆಯವರು ಎರಡು ಮಂಗಗಳನ್ನು ಹಿಡಿದು ಒಯ್ದರು. ಮರಿಗಳು ಸತ್ತಿದ್ದು ನಿಜ. ಆದರೆ ಒಂದು ನಾಯಿ ಐದು ಮರಿ ಹಾಕುತ್ತದೆ ಅಂದುಕೊಂಡರೂ 250 ಮರಿಗೆ 50 ನಾಯಿ ಹೆರಬೇಕು, ಹೆತ್ತ ಒಂದೂ ಮರಿ ಉಳಿಯಬಾರದು. ಒಂದು ಹಳ್ಳಿಯಲ್ಲಿ, ಕೆಲವೇ ತಿಂಗಳಲ್ಲಿ? ಈ ಲೆಕ್ಕ ನನಗೆ ಕೂಡುವುದಿಲ್ಲ. ಸೇಡು ಅನ್ನುವುದೂ ಕೂಡುವುದಿಲ್ಲ. ಯಾವ ನಾಯಿ ಕಚ್ಚಿತೋ ಆ ನಾಯಿಯ ಮೇಲೆ ಮುಶ್ಯಾ ಮುಂದೆ ಹರಿಹಾಯಬಹುದು, ಅದನ್ನು ಒಪ್ಪುತ್ತೇನೆ. ಆದರೆ ಆ ನಾಯಿಯ ಕುಲದ ಕೂಸುಗಳನ್ನು ಹುಡುಕಿ ಹುಡುಕಿ ಒಯ್ಯುವುದು ಮನುಷ್ಯರು ಹೆಣೆಯುವ ಕಥೆ.

ಇದಕ್ಕೆ ಬಹಳ ಹತ್ತಿರದ ಇನ್ನೊಂದು ಸಂಗತಿ ಪನಾಮಾದ ಹಿಕರೋನ್ ಅನ್ನುವ ದ್ವೀಪದಲ್ಲಿ ನಡೆದಿದೆ. ಅಲ್ಲಿ ಮರಗಳಿಗೆ ಕಟ್ಟಿದ್ದ ಕ್ಯಾಮೆರಾಗಳಲ್ಲಿ 2022 ಮತ್ತು 2023ರಲ್ಲಿ ಕಂಡಿದ್ದು ಇದು: ಕಾಪುಚಿನ್ ಜಾತಿಯ ಎಳೆ ಗಂಡು ಮಂಗಗಳು ಹೌಲರ್ ಅನ್ನುವ ಬೇರೆ ಜಾತಿಯ ಮಂಗದ ಮರಿಗಳನ್ನು ಬೆನ್ನ ಮೇಲೆ ಹೊತ್ತು ದಿನಗಟ್ಟಲೆ ತಿರುಗಿದವು. ಮೊದಲು ಒಂದೇ ಗಂಡು ಶುರು ಮಾಡಿತು, ಆಮೇಲೆ ಉಳಿದವು ನೋಡಿ ಕಲಿತವು. 11 ಮರಿಗಳನ್ನು ಹೀಗೆ ಒಯ್ದಿದ್ದು ದಾಖಲಾಯಿತು, 2025ರಲ್ಲಿ ಅದು ಪ್ರಕಟವಾಯಿತು. ಅವು ಮರಿಗಳನ್ನು ತಿನ್ನಲಿಲ್ಲ, ಹಿಂಸೆ ಮಾಡಲಿಲ್ಲ. ಹಾಲಿಲ್ಲದೆ ಮರಿಗಳು ಸತ್ತವು. ನಿಮ್ಮ ಬೇವಿನ ಮರದ ಮೇಲೆ ಆಗಿದ್ದೂ ಇದೇ.

ಮುಶ್ಯಾಗಳು ಸಾಧು ಅಂತಲೂ ನಾನು ಹೇಳಲಾರೆ. ಅವು ತಮ್ಮದೇ ಜಾತಿಯ ಮರಿಗಳನ್ನು ಕೊಲ್ಲುತ್ತವೆ ಅನ್ನುವುದನ್ನು ಜಗತ್ತಿಗೆ ಮೊದಲು ತಿಳಿಸಿದ್ದು ನಮ್ಮ ಧಾರವಾಡದ ಕಾಡು. ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮಾ ಮತ್ತು ಅವರ ಜೊತೆಗಾರರು 1960ರ ದಶಕದ ಮೊದಲಲ್ಲಿ ಇಲ್ಲಿಗೆ ಬಂದು ಮುಶ್ಯಾ ಗುಂಪುಗಳ ಹಿಂದೆ ತಿರುಗಿದರು. ಇಲ್ಲಿಯ ಬಹಳಷ್ಟು ಗುಂಪುಗಳಲ್ಲಿ ದೊಡ್ಡ ಗಂಡು ಒಂದೇ ಇರುತ್ತದೆ, ಉಳಿದ ಗಂಡುಗಳು ಬೇರೆ ಗುಂಪು ಕಟ್ಟಿಕೊಂಡು ಅಲೆಯುತ್ತವೆ. 1962ರಲ್ಲಿ ಅಂಥ ಅಲೆಮಾರಿ ಗಂಡುಗಳು ಒಂದು ಗುಂಪಿನ ಮೇಲೆ ಬಿದ್ದು ಹಳೆಯ ಯಜಮಾನನನ್ನು ಓಡಿಸಿದವು. ಅವುಗಳಲ್ಲಿ ಕೊನೆಗೆ ಒಂದು ಗಂಡು ಉಳಿಯಿತು, ಗುಂಪಿನ ಎಳೆ ಮರಿಗಳನ್ನು ಕಚ್ಚಿ ಕೊಂದಿತು. ಹಾಲೂಡಿಸುವುದು ನಿಂತ ಮೇಲೆ ತಾಯಂದಿರು ಬೇಗ ಬೆದೆಗೆ ಬರುತ್ತವೆ ಅನ್ನುವುದು ಇದರ ಹಿಂದಿನ ಕಾರಣ. ಕೊಲ್ಲುವ ಮುಶ್ಯಾ ಹೇಗೆ ಕೊಲ್ಲುತ್ತದೆ ನೋಡಿ. ಕಚ್ಚುತ್ತದೆ, ಬಿಟ್ಟು ಹೋಗುತ್ತದೆ. ಹೇನು ನೋಡುತ್ತಾ ಕೂರುವುದಿಲ್ಲ.

ಇನ್ನು ನಿಮ್ಮ ನಾಯಿಯ ಬಾಲ ಎಳೆಯುವುದು. ಇದರಲ್ಲಿ ಆಟ ಸ್ವಲ್ಪ, ಲೆಕ್ಕಾಚಾರ ಜಾಸ್ತಿ. ನಾಯಿಯನ್ನು ಸರಪಳಿಯಲ್ಲಿ ಕಟ್ಟಿದ್ದೀರಾ? ಹಾಗಿದ್ದರೆ ಮುಶ್ಯಾ ಎಲ್ಲಿ ಕೂರುತ್ತದೆ ಅಂತ ಒಮ್ಮೆ ಗಮನಿಸಿ. ಸರಪಳಿ ಮುಗಿಯುವ ಜಾಗದಿಂದ ಒಂದು ಮೊಳ ಆಚೆ ಕೂತಿರುತ್ತದೆ. ಎರಡು ಮೂರು ದಿನದಲ್ಲಿ ಆ ಅಳತೆ ಅದಕ್ಕೆ ಗೊತ್ತಾಗಿಬಿಡುತ್ತದೆ. ನಾಯಿ ಹಾರಿ ಹಾರಿ ದಣಿದು ಬೆನ್ನು ತಿರುಗಿಸಿದಾಗ ಬಂದು ಬಾಲ ಎಳೆಯುತ್ತದೆ. ಹೀಗೆ ಬರುವವು ಹೆಚ್ಚಾಗಿ ಎಳೆ ಗಂಡುಗಳು. ಅದೇ ಮುಶ್ಯಾ ಬಯಲಲ್ಲಿ ಮೂರು ಬಿಡಾಡಿ ನಾಯಿ ಕಂಡರೆ ನೆಲಕ್ಕೆ ಇಳಿಯುವುದೇ ಇಲ್ಲ. ಇಳಿದರೆ ನಾಯಿಗಳು ಸುತ್ತುಗಟ್ಟಿ ಕೊಲ್ಲುತ್ತವೆ. ಹುಬ್ಬಳ್ಳಿ-ಧಾರವಾಡದಲ್ಲಿ ರಸ್ತೆಗಳು ಅಗಲವಾಗುತ್ತಾ ಹೋದಂತೆ ಕೊಂಬೆಗೆ ಕೊಂಬೆ ತಾಗುವ ಜಾಗ ಕಡಿಮೆಯಾಗಿದೆ. ದಾಟುವಾಗ ಇಳಿಯಲೇಬೇಕು. ಹೊಟ್ಟೆಯ ಕೆಳಗೆ ಮರಿ ಜೋತಾಡುವ ತಾಯಿ ಮುಶ್ಯಾ ಡಾಂಬರಿನ ಮೇಲೆ ಓಡಿ ದಾಟುವುದನ್ನು ನೋಡಿದಾಗೆಲ್ಲ ನನಗೆ ಎದೆ ಧಸಕ್ ಅನ್ನುತ್ತದೆ.

ಅಂದರೆ ನಾಯಿ ಮಿತ್ರನೋ ಶತ್ರುವೋ ಅಂತ ಮಂಗ ಕೇಳಿಕೊಳ್ಳುವುದಿಲ್ಲ. ಈ ನಾಯಿ ಎಷ್ಟು ದೂರ ಹಾರಬಲ್ಲದು, ಒಂದೇ ಇದೆಯೋ ಗುಂಪಿದೆಯೋ, ನನಗೆ ಹತ್ತಿರದ ಮರ ಎಲ್ಲಿದೆ, ಇಷ್ಟೇ ನೋಡುತ್ತದೆ. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಮಂಗಗಳನ್ನು ಹೆದರಿಸಲು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದಿದ್ದು ಪೇಪರಿನಲ್ಲಿ ಬಂದಿತ್ತು. ನಾಯಿಯ ಬಗ್ಗೆ ಒಂದು ಲೆಕ್ಕ, ಹುಲಿ ಚಿರತೆಯ ಬಗ್ಗೆ ಬೇರೆ ಲೆಕ್ಕ ಅನ್ನುವುದು ರೈತರಿಗೆ ಮೊದಲಿನಿಂದ ಗೊತ್ತು.

ಬೇರೆ ಪ್ರಾಣಿಗಳ ಜೊತೆಗೂ ಹೀಗೇ. ನಿಮ್ಮ ಎಮ್ಮೆ ಕೆಂಪು ಮಂಗಕ್ಕೆ ಏನೂ ಮಾಡುವುದಿಲ್ಲ, ಅದರ ಮೈಮೇಲೆ ಉಣ್ಣಿ ಇದೆ, ಹತ್ತಿದರೆ ಸುಮ್ನೆ ನಿಲ್ಲುತ್ತದೆ. ಮೈ ಕೆದರಿ ಆರಿಸುವುದು ಮಂಗಗಳಿಗೆ ದಿನದ ಕೆಲಸ. ತಮ್ಮವರ ಮೈ ಸಿಗದಿದ್ದರೆ ಎಮ್ಮೆಯ ಮೈಯಾದರೂ ಆಯಿತು. ಕಾಡಿನಲ್ಲಿ ಇದು ಇನ್ನೂ ಚೆಂದ. ಬಂಡೀಪುರಕ್ಕೆ ಹೋದರೆ ಮುಶ್ಯಾಗಳು ಕೂತ ಮರದ ಕೆಳಗೆ ಜಿಂಕೆಗಳಿವೆಯಾ ನೋಡಿ. ಮುಶ್ಯಾ ಅರ್ಧ ತಿಂದು ಅರ್ಧ ಬೀಳಿಸುವ ಜಾತಿ. ಎಟುಕದ ಚಿಗುರು, ಹಣ್ಣು ಜಿಂಕೆಗೆ ಕೂತಲ್ಲೇ ಸಿಗುತ್ತದೆ. ಮಧ್ಯಪ್ರದೇಶದ ಕಾನ್ಹಾದಲ್ಲಿ 1980ರ ದಶಕದಲ್ಲಿ ಇದರ ಬಗ್ಗೆ ಅಧ್ಯಯನವೇ ನಡೆದಿದೆ. ಮೇಲಿನಿಂದ ಮುಶ್ಯಾ ಹುಲಿಯನ್ನು ಕಂಡು ಖಕ್ಕರ್ ಖಕ್ಕರ್ ಅಂತ ಕೂಗಿದರೆ ಜಿಂಕೆಗಳು ಬಾಲ ಎತ್ತುತ್ತವೆ. ಮುದುಮಲೈನಲ್ಲಿ ಕೆಂಪು ಮಂಗಗಳಿಗೆ ಮುಶ್ಯಾಗಳ ಅಪಾಯದ ಕೂಗು ಕೇಳಿಸಿ ನೋಡಿದ್ದಾರೆ. ತಮ್ಮ ಜಾತಿಯದಲ್ಲದಿದ್ದರೂ ಅವು ಅದನ್ನು ತಿಳಿದು ಮರ ಏರಿದವು.

ನಾಯಿಯ ವಿಷಯಕ್ಕೆ ಬಹಳ ಹೊಂದುವ ಸಂಗತಿ ಇಥಿಯೋಪಿಯಾದ ಗುವಾಸಾ ಬಯಲಿನದು. ಅಲ್ಲಿ ಗೆಲಾಡಾ ಅನ್ನುವ ಹುಲ್ಲು ತಿನ್ನುವ ಮಂಗಗಳಿವೆ, ನೂರಾರು ಒಟ್ಟಿಗೆ ಮೇಯುತ್ತವೆ. ಅವುಗಳ ನಡುವೆಯೇ ತೋಳಗಳು ಓಡಾಡುತ್ತವೆ, ಸಾಮಾನ್ಯವಾಗಿ ಮರಿಗಳನ್ನು ಮುಟ್ಟುವುದಿಲ್ಲ. ತೋಳಕ್ಕೆ ಲಾಭ ಏನು? ಒಂಟಿಯಾಗಿ ಇಲಿ ಬೇಟೆಗೆ ಇಳಿದರೆ 100ಕ್ಕೆ 25 ಸಲ ಸಿಗುತ್ತದೆ, ಮಂಗಗಳ ನಡುವೆ ಇದ್ದರೆ 67 ಸಲ. 2015ರಲ್ಲಿ ಪ್ರಕಟವಾದ ಲೆಕ್ಕ ಇದು. ಅದೇ ಗೆಲಾಡಾಗಳು ಬೀದಿ ನಾಯಿಯನ್ನು ಕಂಡರೆ ಕಡಿದಾದ ಬಂಡೆಗೆ ಓಡುತ್ತವೆ. ತೋಳ ಮತ್ತು ನಾಯಿ ಒಂದೇ ಕುಲದವು, ಆದರೂ ಯಾವುದು ಏನು ಮಾಡುತ್ತದೆ ಅಂತ ನೋಡಿ ಕಲಿತಿವೆ. ನನಗೆ ಇದು ಯಾವಾಗ ನೆನಪಾದರೂ ಖುಷಿಯಾಗುತ್ತದೆ.

ಈಗ ಸಾಧನಕೇರಿಯ ಮರಿ. ಮೊದಲು ತಾಯಿ ನಾಯಿಯನ್ನು ಒಳಗೆ ಕಟ್ಟಿಸಿದೆ. ಹುಡುಗರನ್ನು ಓಣಿಯಿಂದ ಕಳಿಸಿದೆ. ಕಲ್ಲು, ಪಟಾಕಿ, ಕವಣೆ ಯಾವುದೂ ಬೇಡ ಅಂದೆ. ನಾಲ್ಕು ಜನ ಒಂದು ದಪ್ಪ ಚಾದರ ಹಿಡಿದು ಪತ್ರಾಸಿನ ಅಂಚಿಗೆ ಸುಮ್ಮನೆ ನಿಂತರು. ಮುಶ್ಯಾದ ಕಡೆ ದಿಟ್ಟಿಸಿ ನೋಡಬೇಡಿ, ಹಲ್ಲು ಕಾಣುವಂತೆ ನಗಬೇಡಿ ಅಂತ ಹೇಳಿದ್ದೆ, ಅವೆರಡೂ ಅದಕ್ಕೆ ಬೆದರಿಕೆ. ಮಂಗಗಳಿಗೆ ತಿನ್ನಲು ಕೊಡಬೇಡಿ ಅಂತ ವರ್ಷಾನುಗಟ್ಟಲೆ ಹೇಳಿಕೊಂಡು ಬಂದವನು ನಾನು. ಆವತ್ತು ಮಾತ್ರ ಎದುರು ಮಾಳಿಗೆಯ ಮೇಲೆ ಹಸಿ ಶೇಂಗಾ ಬಳ್ಳಿ ಇಡಿಸಿದೆ. ಶೇಂಗಾ ಬಿಡಿಸಿ ತಿನ್ನಲು ಎರಡೂ ಕೈ ಬೇಕು. ಒಂದು ತಾಸಿನ ನಂತರ ಅದು ಬಂತು, ಮರಿಯನ್ನು ಪಕ್ಕಕ್ಕೆ ಇಟ್ಟು ಬಳ್ಳಿಗೆ ಕೈ ಹಾಕಿತು, ಇನ್ನೊಂದು ಬಳ್ಳಿಗೆ ಎರಡು ಹೆಜ್ಜೆ ಸರಿಯಿತು. ಆ ಮನೆಯ ಅಜ್ಜಿ ಮೆಟ್ಟಿಲಿನ ಬಾಗಿಲಿಂದ ನಿಧಾನಕ್ಕೆ ಬಂದು ಮರಿಯ ಮೇಲೆ ಬುಟ್ಟಿ ಬೋರಲು ಹಾಕಿದರು. ಮುಶ್ಯಾ ಬುಟ್ಟಿಯನ್ನು ನೋಡಿತು, ಸುತ್ತ ನೋಡಿತು, ಶೇಂಗಾ ತಿಂದು ಹೋಯಿತು.

ನಿಮ್ಮ ಓಣಿಯಲ್ಲಿ ಮತ್ತೆ ಹೀಗಾದರೆ ಮೊದಲ ದಿನವೇ ಕೆಲಸ ಶುರು ಮಾಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನೀವೇ ಬಲೆ ಹಾಕಿ ಹಿಡಿಯಬೇಡಿ. ಅದು ಅಪಾಯ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಮರಿ ಸಿಕ್ಕಿದ ಕೂಡಲೇ ಬಾಯಿಗೆ ಹಾಲು ಸುರಿಯಬೇಡಿ. ಬಹಳ ಮರಿಗಳು ಈ ಅವಸರದಲ್ಲೇ ಹೋಗುತ್ತವೆ. ತಣ್ಣಗಾದ ಮರಿಗೆ ಹಾಲು ಅರಗುವುದಿಲ್ಲ, ಶ್ವಾಸಕ್ಕೂ ಹೋಗಬಹುದು. ಮೊದಲು ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾಗಲಿ. ಬೆರಳಿಗೆ ಸ್ವಲ್ಪ ಗ್ಲೂಕೋಸ್ ನೀರು ಹಚ್ಚಿ ವಸಡಿಗೆ ಸವರಿ. ಮೈ ಬಿಸಿಯಾಗಿ, ಬೆರಳು ಚೀಪತೊಡಗಿದ ಮೇಲೆ ತಾಯಿಯ ಹತ್ತಿರ ಬಿಡಿ.

ನಿಮ್ಮ ನಾಯಿಯ ತೊಡೆಯ ಗಾಯ ಸಣ್ಣದು ಅಂತ ಬರೆದಿದ್ದೀರಿ. ಅದೇ ನನಗೆ ಚಿಂತೆ. ಮುಶ್ಯಾಗಳ ಕೋರೆಹಲ್ಲು ಸೂಜಿಯ ಹಾಗೆ ಆಳಕ್ಕೆ ಇಳಿಯುತ್ತದೆ. ಮೇಲೆ ಚರ್ಮ ಎರಡು ದಿನದಲ್ಲಿ ಕೂಡಿಕೊಳ್ಳುತ್ತದೆ, ಒಳಗೆ ಕೀವು ತುಂಬುತ್ತದೆ. ಅರಿಶಿನ ಹಚ್ಚಿ ಬಿಟ್ಟರೆ ಸಾಲದು. ಗಾಯದ ಸುತ್ತ ಒತ್ತಿ ನೋಡಿ. ಬಿಸಿಯಾಗಿದ್ದರೆ, ಊದಿದ್ದರೆ, ಕಾಲು ಎಳೆಯುತ್ತಿದ್ದರೆ ಡಾಕ್ಟರರ ಹತ್ತಿರ ಒಯ್ಯಲೇಬೇಕು. ಹುಚ್ಚುನಾಯಿ ರೋಗದ ಲಸಿಕೆ ಹೋದ ವರ್ಷ ಹಾಕಿಸಿದ್ದರೂ ಈಗ ಇನ್ನೊಮ್ಮೆ ಹಾಕಿಸಿ. ಮಂಗನಿಂದಲೂ ಆ ರೋಗ ಬರಬಹುದು. ಮನೆಯಲ್ಲಿ ಯಾರಿಗಾದರೂ ಮಂಗ ಕಚ್ಚಿದರೆ, ಪರಚಿ ರಕ್ತ ಬಂದರೆ, ನಲ್ಲಿಯ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಲಸಿಕೆಯ ಎಲ್ಲಾ ಡೋಸ್ ಮುಗಿಸಿ.

ನೀವು ಹಾನಗಲ್ ಕಡೆಯವರು, ಅದಕ್ಕೆ ಇನ್ನೊಂದು ಮಾತು. ಸೊರಬ ನಿಮಗೆ ದೂರವಲ್ಲ. ಮಂಗನಕಾಯಿಲೆ 1957ರಲ್ಲಿ ಮೊದಲು ಕಂಡಿದ್ದು ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣ್ಣಿಯಿಂದ. ಮುಶ್ಯಾ, ಕೆಂಪು ಮಂಗ ಎರಡೂ ಅದರಿಂದ ಸಾಯುತ್ತವೆ. ಸತ್ತ ಮಂಗ ಕಂಡರೆ ಪೂಜೆ ಮಾಡಿ ಹೂಳುವ ಪದ್ಧತಿ ನಮ್ಮಲ್ಲಿದೆ. ಆ ಭಕ್ತಿ ನನಗೂ ಇದೆ, ಆದರೆ ಮುಟ್ಟುವ ಮೊದಲು ಆರೋಗ್ಯ ಇಲಾಖೆಗೆ ಇಲ್ಲವೇ ಪಶು ಆಸ್ಪತ್ರೆಗೆ ತಿಳಿಸಿ. ನಾಯಿಯನ್ನೂ ಹತ್ತಿರ ಬಿಡಬೇಡಿ, ಉಣ್ಣಿ ಅದರ ಮೈಗೆ ಹತ್ತಿ ಮನೆಯೊಳಗೆ ಬರುತ್ತದೆ.

ಉಳಿದ ಮೂರು ಮರಿಗಳಿಗೆ ಈಗ ಹೆಚ್ಚು ಕಡಿಮೆ ಏಳು ವಾರ ಆಗಿರಬೇಕು. ಇನ್ನೊಂದು ತಿಂಗಳು ಹಗಲು ಹೊತ್ತು ಮೇಲೆ ಜಾಳಿಗೆ ಇರುವ ಜಾಗದಲ್ಲಿ ಇಡಿ. ಮುಶ್ಯಾಗಳ ಗುಂಪಿಗೆ ತನ್ನದೇ ಸುತ್ತಾಟದ ದಾರಿ ಇರುತ್ತದೆ, ಬೇವು ಚಿಗುರಿದಾಗ ಅದೇ ಮರಕ್ಕೆ ಮತ್ತೆ ಬರುತ್ತವೆ. ತಾಯಿ ನಾಯಿಯನ್ನು ಸರಪಳಿಯಿಂದ ಬಿಚ್ಚಿ ಮರಿಗಳ ಹತ್ತಿರವೇ ಬಿಡಿ. ಬಿಟ್ಟ ನಾಯಿಯ ಪಕ್ಕಕ್ಕೆ ಮುಶ್ಯಾ ಇಳಿಯಲು ಹಿಂಜರಿಯುತ್ತದೆ. ಮರಿಗಳಿಗೆ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರು ಮಾಡುವ ವಯಸ್ಸು ಇದು, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು. ಈ ವಾರವೇ ಮುಚ್ಚಳದ ಬುಟ್ಟಿಯಲ್ಲಿ ಮೂರನ್ನೂ ಒಯ್ಯಿರಿ, ಮಗಳನ್ನೂ ಕರೆದುಕೊಂಡು ಹೋಗಿ, ಬುಟ್ಟಿ ಅವಳೇ ಹಿಡಿಯಲಿ. ತಾಯಿ ನಾಯಿಯ ತೊಡೆಯನ್ನು ಅದೇ ದಿನ ತೋರಿಸಿ. ನಡೆಯಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಆ್ಯಂಬುಲೆನ್ಸ್ ಮನೆಗೇ ಬರುತ್ತದೆ.